ಅವ್ವನ ಆಪರೇಷನ್ ಆಗಿ 12 ದಿನ: ಗಾಯ ಒಣಗ್ತಿದೆ, ತೋಳಿನ ಉರಿ ಮಾತ್ರ ಇಳೀತಿಲ್ಲ

ವಿದ್ಯಾನಗರದ ಮಗಳು, ದಾವಣಗೆರೆ
(ಭಾನುವಾರ, ರಾತ್ರಿ 11:20)

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಬರೆಯೋಣ ಅಂತ ಕೂತು ಕೂತು ಎದ್ದಿದ್ದೇನೆ. ಅವ್ವನಿಗೆ 58 ವರ್ಷ. ಸ್ತನ ಕ್ಯಾನ್ಸರ್. ಮೊದಲು ಕಿಮೋ ಮುಗಿಸಿ, ಆಮೇಲೆ ಬಲಗಡೆ ಎದೆ ಪೂರ್ತಿ ತೆಗೆದು, ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಇವತ್ತಿಗೆ 12 ದಿನ. ಗಾಯದೊಳಗಿನ ನೀರು ಹೊರಗೆ ಬರೋಕೆ ಇಟ್ಟಿದ್ದ ಡ್ರೈನ್ ಪೈಪು ಮೊನ್ನೆ ತೆಗೆದರು. ಹೊಲಿಗೆ ಚೆನ್ನಾಗಿ ಕೂಡ್ತಿದೆ ಅಂದರು.

ಹಗಲೆಲ್ಲ ಅವ್ವ ಸುಮ್ಮನೆ ಇರ್ತಾಳೆ. ರಾತ್ರಿ ಗೋಡೆ ಕಡೆ ಮುಖ ಮಾಡಿ, ಸೆರಗಿನ ಚುಂಗು ಬಾಯಲ್ಲಿ ಕಚ್ಚಿಕೊಂಡು ಮಲಗ್ತಾಳೆ. ನೋವೈತೇನವ್ವಾ ಅಂದ್ರೆ "ಏನಿಲ್ಲ ಬಿಡು, ನೀ ಮಕ್ಕ" ಅಂತಾಳೆ. ನಿನ್ನೆ ನಾನು ಅತ್ತುಬಿಟ್ಟೆ. ಆಗ ಹೇಳಿದಳು: "ಗಾಯ ಅಷ್ಟೇನಿಲ್ಲವ್ವ. ತೋಳಿನ ಒಳಗಡೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಉರೀತೈತಿ. ಮುಟ್ಟಿದ್ರೆ ಮರಗಟ್ಟೈತಿ, ಮುಟ್ಟಿದ್ದೇ ಗೊತ್ತಾಗಂಗಿಲ್ಲ. ಆದ್ರೂ ಉರಿ."

ಅಲ್ಲಿ ಚಾಕು ಬಿದ್ದೇ ಇಲ್ಲ. ಒಂದು ಗೀರು ಕೂಡ ಇಲ್ಲ. ಹಾಗಾದರೆ ಉರಿ ಎಲ್ಲಿಂದ? ರೋಗ ಅಲ್ಲಿಗೆ ಹೋಯ್ತಾ ಅನ್ನೋ ಯೋಚನೆ ಬಂದು ಕೈಕಾಲು ತಣ್ಣಗಾಗ್ತಿವೆ. ಡ್ರೈನ್ ತೆಗೆಯೋ ದಿನ ಡಾಕ್ಟರ ಹತ್ರ ನೋವಿನ ಬಗ್ಗೆ ಕೇಳಿದ್ದೆ. "ಆಪರೇಷನ್ ಆದಮೇಲೆ ನೋವು ಇರುತ್ತಮ್ಮ, ಹೋಗುತ್ತೆ" ಅಂತ ಅರ್ಧ ನಿಮಿಷದಲ್ಲಿ ಮುಗಿಸಿದರು.

ಇನ್ನೊಂದು. ನೋವಿನ ಮಾತ್ರೆ ಐದು ದಿನಕ್ಕೆ ಬರೆದಿದ್ದರು, ಅವ್ವ ಮೂರನೇ ದಿನಕ್ಕೇ ಬಿಟ್ಟಿದ್ದಾಳೆ. ಪಕ್ಕದ ಮನೆಯವರು ಕಿಡ್ನಿ ಹೋಗುತ್ತೆ ಅಂದರಂತೆ. ದೊಡ್ಡಮ್ಮ ಬಂದು ಬದನೆಕಾಯಿ ನಂಜು, ಬೇಳೆ ತಿಂದ್ರೆ ಕೀವಾಗುತ್ತೆ ಅಂತ ಅವೆರಡನ್ನೂ ನಿಲ್ಲಿಸಿದ್ದಾರೆ. ಈಗ ಬರೀ ಗಂಜಿ, ರೊಟ್ಟಿ, ಮಜ್ಜಿಗೆ. ಅವ್ವನಿಗೆ ಬಿಪಿ ಇದೆ, ದಿನಾ ಮಾತ್ರೆ ತಗೋತಾಳೆ. ಸಕ್ಕರೆ ಇಲ್ಲ.

ಯಾರಾದರೂ ದಾರಿ ಹೇಳಿ.

ದುರ್ಗದ ಅಕ್ಕ
(ರಾತ್ರಿ 11:52)

ತಂಗಿ, ಮೊದಲು ಉಸಿರು ಬಿಡು. ನನಗೆ 2018ರಲ್ಲಿ ಎಡಗಡೆ ಆಯ್ತು, ಆಗ 44 ವರ್ಷ. ನೀನು ಬರೆದದ್ದು ಓದ್ತಾ ನನ್ನ ತೋಳೇ ಉರಿದ ಹಾಗಾಯ್ತು. ಅದೇ ಜಾಗ, ತೋಳಿನ ಒಳಮೈ, ಮೊಣಕೈಗಿಂತ ಮೇಲೆ. ಕುಪ್ಪಸದ ತೋಳು ತಾಗಿದರೂ ಜೀವ ಹೋಗ್ತಿತ್ತು ಕಣಮ್ಮ. ರೋಗ ಹರಡಿದೆ ಅಂತ ನಾನೂ ಮೂರು ವಾರ ಯಾರಿಗೂ ಹೇಳದೆ ಒಳಗೊಳಗೇ ಸತ್ತೆ.

ಅದು ನರದ ನೋವು. ಕಂಕುಳಿನ ಗಂಟು ತೆಗೆಯುವಾಗ ಒಂದು ನರಕ್ಕೆ ಪೆಟ್ಟು ಬಿದ್ದಿರುತ್ತೆ ಅಂತ ಆಮೇಲೆ ಒಬ್ಬ ಡಾಕ್ಟರಮ್ಮ ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದರು. ಆ ಚೀಟಿ ಇನ್ನೂ ಇಟ್ಕೊಂಡಿದ್ದೀನಿ. ಗೊತ್ತಾದ ಮೇಲೆ ಉರಿ ಅಷ್ಟೇ ಇತ್ತು, ಭಯ ಹೋಯ್ತು. ಭಯ ಹೋದದ್ದೇ ಅರ್ಧ ನಿದ್ದೆ ತಂತು.

ನಿಮ್ಮ ಅವ್ವನ ಹತ್ರ ನೋವಿದೆಯಾ ಅಂತ ಕೇಳಬೇಡ. ನಮ್ಮ ಹೆಣ್ಣುಮಕ್ಕಳು ಇಲ್ಲ ಅಂತಲೇ ಹೇಳೋದು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳು. ಹೆರಿಗೆ ನೋವು ಹತ್ತು ಅಂತ ಇಟ್ಕೋ ಅಂತ ಹೇಳು. ಆಗ ಲೆಕ್ಕ ಹೇಳ್ತಾರೆ.

ನಿವೃತ್ತ ಸಿಸ್ಟರ್, ದಾವಣಗೆರೆ
(ಸೋಮವಾರ, ಬೆಳಿಗ್ಗೆ 6:15)

ಅಕ್ಕ ಹೇಳಿದ್ದು ಸರಿ. ಸರ್ಜರಿ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು ನಾನು. ಎರಡನೇ ಪಕ್ಕೆಲುಬಿನ ಹತ್ತಿರದಿಂದ ಹೊರಟು ಕಂಕುಳು ದಾಟಿ ತೋಳಿನ ಒಳಗಿನ ಚರ್ಮಕ್ಕೆ ಹೋಗುವ ಸಣ್ಣ ನರ ಒಂದಿದೆ. ಗಂಟುಗಳ ಮಧ್ಯದಿಂದಲೇ ಹಾದು ಹೋಗುತ್ತೆ. ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಎಳೆದಂತಾಗುತ್ತೆ, ಕೆಲವೊಮ್ಮೆ ಕತ್ತರಿಸಬೇಕಾಗುತ್ತೆ. ಮರಗಟ್ಟುವುದೂ ಉರಿಯುವುದೂ ಒಂದೇ ಜಾಗದಲ್ಲಿ ಇದ್ದರೆ ಅದು ನರದ ಗುರುತು.

ಒಂದೇ ಆಪರೇಷನ್ನಿನಲ್ಲಿ ನಾಲ್ಕು ಥರದ ನೋವು ಇರಬಹುದು ಮಗಳೇ. ಗಾಯದ ನೋವು ಒಂದು, ಅದು ಮೊದಲ ವಾರದಲ್ಲಿ ಹೆಚ್ಚು. ಚರ್ಮದ ಕೆಳಗೆ ನೀರು ತುಂಬಿ ಬಿಗಿಯುವ ನೋವು ಇನ್ನೊಂದು. ಭುಜ ಹಿಡಿದುಕೊಳ್ಳುವುದು ಮೂರನೆಯದು. ನರದ್ದು ನಾಲ್ಕನೆಯದು. ಒಂದರ ಮದ್ದು ಇನ್ನೊಂದಕ್ಕೆ ಸಾಲದು. ಅದಕ್ಕೇ ಡಾಕ್ಟರ ಹತ್ತಿರ ಬರೀ ನೋವು ಅನ್ನದೆ, ಎಲ್ಲಿ, ಯಾವ ಥರ, ಯಾವ ಹೊತ್ತಿಗೆ ಅಂತ ಚೀಟಿಯಲ್ಲಿ ಬರೆದು ಒಯ್ಯಿ. ಅರ್ಧ ನಿಮಿಷದಲ್ಲಿ ಎದ್ದು ಹೋಗುವವರೂ ಚೀಟಿ ಕಂಡರೆ ನಿಲ್ಲುತ್ತಾರೆ.

ಕಿಡ್ನಿ ಮಾತಿನಲ್ಲಿ ಅರ್ಧ ನಿಜ ಇದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಊತ ಇಳಿಸುತ್ತವೆ. ಆದರೆ ಬಿಪಿ ಇರುವವರು, ಕಿಡ್ನಿ ಸೊರಗಿದವರು, ಹೊಟ್ಟೆಹುಣ್ಣು ಇರುವವರು ಡಾಕ್ಟರನ್ನು ಕೇಳದೆ ದಿನಗಟ್ಟಲೆ ತಗೋಬಾರದು. ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ಆ ಜಾತಿಯಲ್ಲ. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ಅದರ ಗರಿಷ್ಠ ಮಿತಿ, ಸೊರಗಿದ ಮೈಗೆ ಅದಕ್ಕಿಂತ ಕಡಿಮೆ. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಅಸಿಕ್ಲೋಫೆನಾಕ್ ಜೊತೆ ಬರುವ ಜೋಡಿ ಮಾತ್ರೆಯೊಳಗೂ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತೆ. ಅದನ್ನೂ ನುಂಗಿ, ಮೇಲೆ ಡೋಲೋ 650 ನುಂಗಿ, ಲೆಕ್ಕ ತಪ್ಪಿದವರನ್ನು ನಾನು ನೋಡಿದ್ದೇನೆ. ಸ್ಟ್ರಿಪ್ ತಿರುಗಿಸಿ ಓದಿ.

ಬೇಳೆ ವಿಷಯಕ್ಕೆ ನನಗೆ ಕೋಪ ಬರುತ್ತೆ. ದೊಡ್ಡಮ್ಮನ ಮೇಲಲ್ಲ, ಅವರು ಪ್ರೀತಿಯಿಂದಲೇ ಹೇಳಿದ್ದು. ಗಾಯ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವುದಕ್ಕೆ ಹಿಂದಿನವರು ನಂಜು ಅಂದರು, ನಾವು ಉರಿಯೂತ ಅನ್ನುತ್ತೇವೆ. ಕತ್ತರಿಸಿದ ಕಡೆ ದುರಸ್ತಿಗೆ ಅಂತ ರಕ್ತ ನುಗ್ಗುತ್ತೆ, ಬಿಳಿ ರಕ್ತಕಣ ಬರುತ್ತವೆ, ನರದ ತುದಿ ಸೂಕ್ಷ್ಮವಾಗುತ್ತೆ. ಮೊದಲ ಕೆಲವು ದಿನ ಅದು ಬೇಕು, ಅದಿಲ್ಲದೆ ಗಾಯ ಕೂಡದು. ಕೀವು ಆಗುವುದು ರೋಗಾಣುವಿನಿಂದ, ತೊಗರಿಬೇಳೆಯಿಂದಲ್ಲ. ಗಾಯ ಕೂಡುವುದಕ್ಕೆ ಪ್ರೋಟೀನ್ ಬೇಕು. ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಎಲ್ಲ ಕೊಡಿ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ದೊಡ್ಡಮ್ಮನ ಮಾತೂ ಉಳಿದ ಹಾಗಾಯ್ತು.

ಈಗ ನನಗೆ ಎರಡು ಉತ್ತರ ಬೇಕು. ಜ್ವರ ಇದೆಯಾ? ಪೈಪು ತೆಗೆದ ಮೇಲೆ ಕಂಕುಳ ಕೆಳಗೆ ಉಬ್ಬಿದೆಯಾ?

ವಿದ್ಯಾನಗರದ ಮಗಳು
(ಬೆಳಿಗ್ಗೆ 7:40)

ಸಿಸ್ಟರ್, ಜ್ವರ ಇಲ್ಲ, ಈಗಷ್ಟೇ ನೋಡಿದೆ, 98.4. ಆದರೆ ಕಂಕುಳ ಕೆಳಗೆ ಉಬ್ಬಿದೆ. ಒತ್ತಿದರೆ ನೀರಿನ ಚೀಲದ ಹಾಗೆ ಆಡುತ್ತೆ. ಕೆಂಪಿಲ್ಲ. ಪೈಪು ತೆಗೆಯುವ ಹಿಂದಿನ ದಿನ 30 ಎಂಎಲ್ ಒಳಗೆ ಬಂದಿತ್ತು.

ದುರ್ಗದ ಅಕ್ಕ ಹೇಳಿದ ಹಾಗೆ ಅಂಕಿ ಕೇಳಿದೆ. "ಹಗಲು ನಾಕು, ರಾತ್ರಿ ಎಂಟು" ಅಂದಳು. ನನಗೆ ಮಾತೇ ಹೊರಡಲಿಲ್ಲ. ಎಂಟನ್ನು ನುಂಗಿಕೊಂಡು ಹನ್ನೆರಡು ದಿನ ಪಕ್ಕದಲ್ಲೇ ಮಲಗಿದ್ದಾಳೆ.

ನಿವೃತ್ತ ಸಿಸ್ಟರ್, ದಾವಣಗೆರೆ
(ಬೆಳಿಗ್ಗೆ 7:55)

ನೀರು ಕಟ್ಟಿದೆ. ಇದು ಸಾಮಾನ್ಯ, ಹೆದರಬೇಡಿ. ಸಣ್ಣದಾಗಿದ್ದರೆ ಮೈಯೇ ಹೀರಿಕೊಳ್ಳುತ್ತೆ, ಬಿಗಿದು ನೋವಾಗ್ತಿದ್ದರೆ ಸೂಜಿ ಹಾಕಿ ಎಳೆದು ತೆಗೆಯುತ್ತಾರೆ. ಆ ಚರ್ಮ ಮರಗಟ್ಟಿರುವುದರಿಂದ ಬಹಳ ಸಲ ಸೂಜಿ ಚುಚ್ಚಿದ್ದೂ ಅಷ್ಟಾಗಿ ತಿಳಿಯಲ್ಲ. ಮನೆಯಲ್ಲಿ ಒತ್ತುವುದು, ತಿಕ್ಕುವುದು ಬೇಡ. ಇವತ್ತೋ ನಾಳೆಯೋ ತೋರಿಸಿ. ಜ್ವರ 100.4 ದಾಟಿದರೆ, ಕೆಂಪು ಹರಡುತ್ತಾ ಹೋದರೆ, ವಾಸನೆ ಅಥವಾ ಕೀವು ಬಂದರೆ ನಾಳೆವರೆಗೂ ಕಾಯಬೇಡಿ, ರಾತ್ರಿಯಾದರೂ ಹೋಗಿ.

ಚನ್ನಗಿರಿಯ ಅಡಿಕೆ ತೋಟದವ
(ಬೆಳಿಗ್ಗೆ 9:30)

ನಾನು ಗಂಡಸು, ಇಲ್ಲಿ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಹೆಂಡತಿಗೆ ಆಪರೇಷನ್ ಆಗಿ ಎರಡು ವರ್ಷ. ನಾನು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಬರೀತಿದ್ದೀನಿ. ಕೈ ಸೆಳೀತಿದೆ ಅಂದಳು ಅಂತ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಕಂಕುಳ ಹತ್ತಿರ ಇಟ್ಟೆ. ಅವಳಿಗೆ ಅಲ್ಲಿ ಸ್ಪರ್ಶವೇ ಇರಲಿಲ್ಲ. ಹಾಯಾಗಿದೆ ಅಂತ ನಿದ್ದೆ ಹೋದಳು. ಬೆಳಿಗ್ಗೆ ನೋಡಿದರೆ ಅಂಗೈಯಗಲ ಬೊಬ್ಬೆ. ಆ ಸುಟ್ಟ ಗಾಯ ಮಾಯುವುದಕ್ಕೆ ತಿಂಗಳು ಹಿಡೀತು. ಮರಗಟ್ಟಿದ ಜಾಗಕ್ಕೆ ಶಾಖ ಕೊಡಬೇಡಿ. ಐಸು ಇಟ್ಟರೂ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಮಾತ್ರ.

ಅವಳಿಗೆ ಹಿಡಿಸಿದ್ದು ಸಣ್ಣ ದಿಂಬು. ಹಳೆ ಸೀರೆ ಮಡಚಿ ನಮ್ಮ ತಾಯಿ ಹೊಲಿದು ಕೊಟ್ಟರು. ತೋಳಿನ ಕೆಳಗೆ ಇಟ್ಟುಕೊಂಡರೆ ಕಂಕುಳಿಗೆ ತೋಳು ತಾಗದು. ಬಸ್ಸಿನಲ್ಲೂ ಅದೇ, ಮಲಗಿದಾಗಲೂ ಅದೇ.

ಹರಿಹರದ ಓದುಗ
(ಮಧ್ಯಾಹ್ನ 1:10)

ನನ್ನ ತಂಗಿಗೆ ಮುಂದಿನ ತಿಂಗಳು ಆಪರೇಷನ್. ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಬಂದಿದೆ. ಆಪರೇಷನ್ನಿಗೆ ಮುಂಚೆ ಕೆಟೊರೊಲಾಕ್ ಅನ್ನೋ ನೋವಿನ ಇಂಜೆಕ್ಷನ್ ಕೊಟ್ಟರೆ ಉರಿಯೂತ ತಗ್ಗಿ ಕ್ಯಾನ್ಸರ್ ವಾಪಸ್ ಬರಲ್ಲ, ಆಸ್ಪತ್ರೆಯವರು ಅಗ್ಗದ ಔಷಧಿ ಅಂತ ಮುಚ್ಚಿಡ್ತಾರೆ ಅಂತ. ನಿಜವೇ?

ಅರಿವಳಿಕೆ ಪಿಜಿ
(ರಾತ್ರಿ 10:05)

ನಾನು ಅರಿವಳಿಕೆ ವಿಭಾಗದಲ್ಲಿ ಓದುತ್ತಿರುವವನು. ಹರಿಹರದ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಯಾಕಂದರೆ ಆ ಸಂದೇಶ ಪೂರ್ತಿ ಗಾಳಿಮಾತಲ್ಲ. ಹಳೆಯ ಒಂದು ಎಳೆ ಹಿಡಿದು ಬಂದಿದೆ.

2010ರಲ್ಲಿ ಬೆಲ್ಜಿಯಂನವರು ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಆಪರೇಷನ್ ವೇಳೆ ಕೆಟೊರೊಲಾಕ್ ಸಿಕ್ಕಿದ್ದ ಹೆಂಗಸರಲ್ಲಿ ರೋಗ ಮರಳಿದ್ದು ಕಡಿಮೆ ಕಂಡಿತು. ಗಾಯದ ಉರಿಯೂತವೇ ಉಳಿದ ಕ್ಯಾನ್ಸರ್ ಕಣಗಳಿಗೆ ಗೊಬ್ಬರ ಆಗಬಹುದು ಅನ್ನೋ ಊಹೆಗೆ ಅದು ಬಲ ಕೊಟ್ಟಿತು. ಆದರೆ ಹಳೆ ದಾಖಲೆಯಲ್ಲಿ ಯಾರಿಗೆ ಯಾಕೆ ಕೊಟ್ಟರು ಅನ್ನೋದು ಬೇರೆಬೇರೆ ಇರುತ್ತೆ. ಅದಕ್ಕೆ ಅದೇ ತಂಡದವರೇ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ನಿಗೆ ಮುಂಚೆ 30 ಮಿಲಿಗ್ರಾಂ ಕೆಟೊರೊಲಾಕ್, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ರೋಗ ಮರಳುವುದರಲ್ಲಿ ಲಾಭ ಕಾಣಲಿಲ್ಲ. ಯಾರೂ ಏನೂ ಮುಚ್ಚಿಟ್ಟಿಲ್ಲ.

ಅದೇ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೊಂದು ದೊಡ್ಡ ಪರೀಕ್ಷೆಯ ವರದಿ. ಬೆನ್ನೆಲುಬಿನ ಪಕ್ಕದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟವರು ಒಂದು ಕಡೆ, ಮಾಮೂಲಿ ಅರಿವಳಿಕೆ ಇನ್ನೊಂದು ಕಡೆ, ಎರಡೂ ಸೇರಿ 2,100ಕ್ಕೂ ಹೆಚ್ಚು ಹೆಂಗಸರು. ರೋಗ ಮರಳಿ ಬಂದ ಪ್ರಮಾಣ ಎರಡರಲ್ಲೂ ಸುಮಾರು ಶೇ. 10. ಈ ಪರೀಕ್ಷೆಯ ಇನ್ನೊಂದು ಅಂಕಿಯನ್ನು ವಿದ್ಯಾನಗರದ ಅಕ್ಕನಿಗೋಸ್ಕರ ಹೇಳ್ತೀನಿ. ಆರು ತಿಂಗಳಾದಾಗ ಶೇ. 52 ಮಂದಿ ಗಾಯದ ಜಾಗದಲ್ಲಿ ನೋವಿದೆ ಅಂದರು, ವರ್ಷ ಕಳೆದಾಗ ಅದು ಸುಮಾರು ಶೇ. 28ಕ್ಕೆ ಇಳಿದಿತ್ತು. ಅಮ್ಮನವರು ಒಬ್ಬರೇ ಅಲ್ಲ, ಮತ್ತು ಇಳಿಯುತ್ತೆ.

ನಮ್ಮ ದೇಶದಲ್ಲೇ ಆದ ಒಂದು ಕೆಲಸ ಹೇಳಲೇಬೇಕು. ಮುಂಬೈ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಅವರ ತಂಡ 2023ರಲ್ಲಿ ಪ್ರಕಟಿಸಿದ್ದು. ಗಡ್ಡೆ ತೆಗೆಯುವುದಕ್ಕೆ 7ರಿಂದ 10 ನಿಮಿಷ ಮುಂಚೆ ಅದರ ಸುತ್ತ ಲಿಡೋಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಕೊಡ್ತಾರಲ್ಲ, ಅದೇ ಔಷಧಿ. ಸುಮಾರು 1,600 ಹೆಂಗಸರು. ಐದು ವರ್ಷದ ನಂತರ ರೋಗವಿಲ್ಲದೆ ಇದ್ದವರು ಲಿಡೋಕೇನ್ ಗುಂಪಿನಲ್ಲಿ ಶೇ. 86.6, ಉಳಿದವರಲ್ಲಿ ಶೇ. 82.6. ಹರಿಹರದ ಅಣ್ಣಾ, ನಿಮ್ಮ ತಂಗಿಯ ಸರ್ಜನ್ ಹತ್ತಿರ ಕೇಳುವುದಾದರೆ ಇದನ್ನು ಕೇಳಿ. ಆ ಪರೀಕ್ಷೆ ಮಾಡಿದ್ದು ಕಿಮೋಗೂ ಮೊದಲೇ ಆಪರೇಷನ್ ಆಗುವವರ ಮೇಲೆ. ಅಕ್ಕಾ, ನಿಮ್ಮ ಅವ್ವನಿಗೆ ಕಿಮೋ ಮೊದಲಾಗಿತ್ತು, ಅಯ್ಯೋ ನಮಗೆ ಮಾಡಿಸಲಿಲ್ಲವಲ್ಲ ಅಂತ ಕೊರಗಬೇಡಿ.

ಆಪರೇಷನ್ ಆಗಬೇಕಿರುವವರು ಎದೆಗೆ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಕೊಡ್ತೀರಾ ಅಂತ ಅರಿವಳಿಕೆ ಡಾಕ್ಟರನ್ನೂ ಕೇಳಬಹುದು. ಸ್ಕ್ಯಾನ್ ನೋಡಿಕೊಂಡು ಬೆನ್ನಿನ ಪಕ್ಕ ಅಥವಾ ಎದೆಯ ಸ್ನಾಯುಗಳ ನಡುವೆ ಮದ್ದು ಬಿಡ್ತೀವಿ. ಒಂದೇ ಸಲ ಕೊಟ್ಟದ್ದಾದರೆ ದಿನದೊಳಗೆ ಇಳಿದುಹೋಗುತ್ತೆ. ಮೊದಲ ರಾತ್ರಿ ಆರಾಮ ಇತ್ತು, ಎರಡನೇ ರಾತ್ರಿ ತಡೆಯೋಕಾಗಲಿಲ್ಲ ಅಂತ ಹಲವರು ಹೇಳುವುದು ಅದಕ್ಕೇ. ಇಳಿಯುವ ಮುಂಚೆಯೇ ಮಾತ್ರೆ ಶುರುವಾಗಿರಬೇಕು. ನೋವು ಏರಿದ ಮೇಲೆ ಹಿಡಿಯುವುದು ಕಷ್ಟ.

ದುರ್ಗದ ಅಕ್ಕ
(ರಾತ್ರಿ 10:40)

ಅರಿವಳಿಕೆ ತಮ್ಮಾ, ಅರಿಶಿನದ ಬಗ್ಗೆಯೂ ಹೇಳಪ್ಪ. ನನಗೆ ಕ್ಯಾನ್ಸರ್ ಮರಳದಂತೆ ಕೊಡೋ ಟ್ಯಾಮೊಕ್ಸಿಫೆನ್ ಮಾತ್ರೆ ನಡೀತಿದ್ದಾಗ ಯಾರೋ ಅರಿಶಿನದ ಕ್ಯಾಪ್ಸೂಲು ತಂದುಕೊಟ್ಟರು, ಕಾಳುಮೆಣಸಿನ ಸಾರ ಸೇರಿಸಿದ್ದು, ಊತಕ್ಕೆ ಒಳ್ಳೇದು ಅಂತ. ನಮ್ಮ ಡಾಕ್ಟರು ಬೈದು ನಿಲ್ಲಿಸಿದರು.

ಅರಿವಳಿಕೆ ಪಿಜಿ
(ರಾತ್ರಿ 10:58)

ನಿಲ್ಲಿಸಿದ್ದು ಸರಿ ಅಕ್ಕಾ. ಸಾರಿಗೆ ಹಾಕುವ ಅರಿಶಿನಕ್ಕೆ ಯಾರೂ ಬೇಡ ಅನ್ನಲ್ಲ. ಕ್ಯಾಪ್ಸೂಲಿನಲ್ಲಿರುವ ಪ್ರಮಾಣ ಬೇರೆ. ಮೆಣಸಿನ ಸಾರವೂ ಸೇರಿದಾಗ, ಟ್ಯಾಮೊಕ್ಸಿಫೆನ್ ಮೈಯಲ್ಲಿ ಬದಲಾಗಿ ಕೆಲಸ ಮಾಡುವ ರೂಪ ಇದೆಯಲ್ಲ, ಅದು ರಕ್ತದಲ್ಲಿ ಕಡಿಮೆಯಾಗುತ್ತೆ ಅಂತ ಅಳೆದು ನೋಡಿದ್ದಾರೆ. ನರದ ನೋವಿಗೆ ಕೊಡುವ ಡುಲೊಕ್ಸಿಟೀನ್, ಖಿನ್ನತೆಗೆ ಕೊಡುವ ಪ್ಯಾರೊಕ್ಸಿಟೀನ್, ಫ್ಲುಆಕ್ಸಿಟೀನ್ ಕೂಡ ಆ ಬದಲಾವಣೆಗೆ ಅಡ್ಡ ಬರುತ್ತವೆ. ಟ್ಯಾಮೊಕ್ಸಿಫೆನ್ ತಗೊಳ್ಳುವವರು ಯಾವ ಡಾಕ್ಟರ ಹತ್ತಿರ ಹೋದರೂ ಅದನ್ನು ಮೊದಲು ಹೇಳಬೇಕು.

ಫಿಜಿಯೋ, ಚಿತ್ರದುರ್ಗ
(ಮಂಗಳವಾರ, ಬೆಳಿಗ್ಗೆ 8:20)

ಎಲ್ಲರೂ ಮದ್ದಿನ ಬಗ್ಗೆ ಬರೆದಿದ್ದೀರಿ, ಭುಜದ ಬಗ್ಗೆ ನಾನು ಬರೀತೀನಿ. ನೋವಾಗುತ್ತೆ ಅಂತ ಕೈಯನ್ನು ಎದೆಗೆ ಅವಚಿಕೊಂಡು ತಿಂಗಳುಗಟ್ಟಲೆ ಕೂತವರು ನನ್ನ ಹತ್ತಿರ ಬರ್ತಾರೆ. ಅಷ್ಟರಲ್ಲಿ ಭುಜ ಬಿಗಿದಿರುತ್ತೆ. ರೇಡಿಯೇಷನ್ ಕೊಡುವಾಗ ಆ ಕೈಯನ್ನು ತಲೆಯ ಮೇಲೆ ಎತ್ತಿ ಇಟ್ಟುಕೊಂಡು ಮಲಗಬೇಕು. ಎತ್ತೋಕೆ ಆಗದಿದ್ದರೆ ಚಿಕಿತ್ಸೆಯೇ ಮುಂದಕ್ಕೆ ಹೋಗುತ್ತೆ. ಇದನ್ನು ಮೊದಲೇ ಹೇಳುವವರು ಕಡಿಮೆ.

ಪೈಪು ಇರುವಾಗ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ಭುಜ ತಿರುಗಿಸುವುದು ಸಾಕು, ತೋಳು ಭುಜದ ಮಟ್ಟ ದಾಟಬಾರದು. ಪೈಪು ತೆಗೆದು ಸರ್ಜನ್ ಒಪ್ಪಿದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳಿನಿಂದ ಇರುವೆ ಹತ್ತಿದ ಹಾಗೆ ಹತ್ತಿಸುವುದು. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೀರಿ. ನೋವಿನ ಮಾತ್ರೆ ತಗೊಂಡು ಅರ್ಧ ಮುಕ್ಕಾಲು ಗಂಟೆ ಆದಮೇಲೆ ಮಾಡಿಸಿ. ನೋವು ಸಹಿಸಿಕೊಂಡು ವ್ಯಾಯಾಮ ಮಾಡುವುದಲ್ಲ, ನೋವು ತಗ್ಗಿಸಿಕೊಂಡು ಮಾಡುವುದು. ಇಂಗ್ಲೆಂಡಿನಲ್ಲಿ 392 ಹೆಂಗಸರ ಮೇಲೆ ನಡೆಸಿದ ಪರೀಕ್ಷೆ 2021ರಲ್ಲಿ ಪ್ರಕಟವಾಗಿದೆ. ಆಪರೇಷನ್ ಆಗಿ ವಾರ ಹತ್ತು ದಿನದಿಂದ ಫಿಜಿಯೋ ಜೊತೆ ಕ್ರಮವಾಗಿ ವ್ಯಾಯಾಮ ಮಾಡಿದವರ ಕೈ ವರ್ಷದ ನಂತರ ಚೆನ್ನಾಗಿ ಆಡುತ್ತಿತ್ತು.

ತೋಳೆತ್ತಿದಾಗ ಕಂಕುಳಿಂದ ಮೊಣಕೈವರೆಗೆ ಚರ್ಮದ ಕೆಳಗೆ ತಂತಿ ಎಳೆದ ಹಾಗೆ ಕಾಣುತ್ತಾ ನೋಡಿ. ಹಾಗಿದ್ದರೆ ಹೆದರಬೇಡಿ. ಮೆಲ್ಲಗೆ ಎಳೆತ ಕೊಡುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಕರಗುತ್ತೆ. ಮನೆಯಲ್ಲಿ ಎಣ್ಣೆ ಹಚ್ಚಿ ಜೋರಾಗಿ ನೀವಿಸಬೇಡಿ.

ಜಗಳೂರಿನವಳು
(ಬೆಳಿಗ್ಗೆ 11:00)

ಗಾಜಿನ ಬಳೆ ಹಾಕಬಹುದಾ? ಕೈ ಊದುತ್ತೆ ಅಂತಾರೆ.

ಫಿಜಿಯೋ, ಚಿತ್ರದುರ್ಗ
(ಬೆಳಿಗ್ಗೆ 11:35)

ಸಡಿಲ ಇದ್ದರೆ ಹಾಕಿ, ಬಿಗಿ ಬೇಡ. ಒಡೆದು ಗೀರಬಾರದು ಅಷ್ಟೆ. ಕಂಕುಳಿನ ಗಂಟು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಕೈ ಊದಬಹುದು, ಒಂದೆರಡು ಗಂಟು ಮಾತ್ರ ತೆಗೆದವರಲ್ಲಿ ಅದಕ್ಕಿಂತ ಬಹಳ ಕಡಿಮೆ. ಬಳೆ ದಿನದಿಂದ ದಿನಕ್ಕೆ ಬಿಗಿಯಾಗ್ತಿದೆ ಅನ್ನಿಸಿದರೆ ತಡಮಾಡದೆ ತೋರಿಸಿ.

ವಿದ್ಯಾನಗರದ ಮಗಳು
(ಗುರುವಾರ, ರಾತ್ರಿ 9:45)

ನಿನ್ನೆ ಹೋಗಿಬಂದೆವು. ಚೀಟಿ ಬರೆದೇ ಒಯ್ದೆ: ಬಲತೋಳಿನ ಒಳಮೈ, ಉರಿ, ಮರಗಟ್ಟು, ರಾತ್ರಿ 8, ಹಗಲು 4. ಈ ಸಲ ಬೇರೆ ಡಾಕ್ಟರು ಇದ್ದರು. ಹತ್ತಿಯಿಂದ ಸವರಿ ಎಲ್ಲಿಂದ ಎಲ್ಲಿವರೆಗೆ ತಿಳಿಯಲ್ಲ ಅಂತ ಪೆನ್ನಿನಲ್ಲಿ ಗುರುತು ಹಾಕಿದರು. ನರದ್ದೇ ಅಂದರು. ನೀರು 90 ಎಂಎಲ್ ತೆಗೆದರು, ತಿಳಿ ಹಳದಿ. ಅವ್ವನಿಗೆ ಸೂಜಿ ಹೋದದ್ದೇ ಗೊತ್ತಾಗಲಿಲ್ಲ, ಎದ್ದು ಕೂತ ಮೇಲೆ "ಎದಿ ಮ್ಯಾಲಿನ ಕಲ್ಲು ಇಳಿಸಿದಂಗಾತು" ಅಂದಳು.

ರಾತ್ರಿಗೆ ನರದ ನೋವಿನ ಮಾತ್ರೆ ಗ್ಯಾಬಪೆಂಟಿನ್ ಸಣ್ಣ ಪ್ರಮಾಣ, ಜೊತೆಗೆ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್. ಬಿಪಿ ನೋಡಿ ಊತದ ಮಾತ್ರೆ ಬೇಡ ಅಂದರು. ಗ್ಯಾಬಪೆಂಟಿನ್ ಒಂದೇ ದಿನಕ್ಕೆ ಹಿಡಿಯಲ್ಲ, ವಾರ ಎರಡು ವಾರ ಬೇಕು, ತೂಕಡಿಕೆ ಬರುತ್ತೆ, ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಬಾರದು ಅಂತ ಅವ್ವನಿಗೇ ಹೇಳಿದರು. ಕಿಡ್ನಿ ಪರೀಕ್ಷೆ ಸರಿ ಇದೆ ಅಂತ ಕಾಗದ ತೋರಿಸಿದ ಮೇಲೆಯೇ ಅವ್ವ ಮಾತ್ರೆ ನುಂಗಿದ್ದು. ದೊಡ್ಡಮ್ಮ ಇವತ್ತು ತಾವೇ ಬೇಳೆ ಸಾರು ಮಾಡಿದರು.

ದುರ್ಗದ ಅಕ್ಕ
(ರಾತ್ರಿ 9:58)

ಆ ಬೇಳೆ ಸಾರಿನ ಸುದ್ದಿ ಕೇಳಿ ನನಗೆ ಕಣ್ಣು ತುಂಬಿತು ತಂಗಿ.

ವಿದ್ಯಾನಗರದ ಮಗಳು
(ನಾಲ್ಕು ವಾರದ ನಂತರ, ಭಾನುವಾರ ಸಂಜೆ)

ಕೇಳ್ತಿದ್ದವರಿಗೆ ಹೇಳಬೇಕು ಅನ್ನಿಸಿತು. ನೀರು ಇನ್ನೊಂದು ಸಲ ತೆಗೆಸಿದೆವು, ಆಮೇಲೆ ತುಂಬಿಲ್ಲ. ಮಾತ್ರೆ ಹತ್ತನೇ ದಿನದಿಂದ ಹಿಡಿದ ಹಾಗೆ ಕಂಡಿತು. ಅಡುಗೆಮನೆ ಗೋಡೆಯ ಮೇಲೆ ಈಗ ಒಂಬತ್ತು ಪೆನ್ಸಿಲ್ ಗೆರೆ. ಮೊದಲನೆಯದು ನನ್ನ ಹೆಗಲಿಗೆ ಸರಿಯಾಗಿದೆ, ಒಂಬತ್ತನೆಯದು ಚಾಪುಡಿ ಡಬ್ಬಿ ಇಡುವ ಗೂಡಿನ ಹತ್ತಿರ. ಇವತ್ತು ಬೆಳಿಗ್ಗೆ ನಾನು ಹಾಲು ಕಾಯಿಸ್ತಿದ್ದೆ, ಅವ್ವ ಬಂದು ಬಲಗೈ ಚಾಚಿ ಡಬ್ಬಿ ಇಳಿಸಿಕೊಟ್ಟಳು. "ಇವತ್ತು ಮೂರೈತಿ ನೋಡವ್ವ" ಅಂದಳು. ನಾನು ಕೇಳಿಯೇ ಇರಲಿಲ್ಲ.

ಗುರುವಾರ ರೇಡಿಯೇಷನ್ನಿಗೆ ಅಳತೆ ತಗೋತಾರಂತೆ. ಕೈ ಎತ್ತಿ ಎಷ್ಟು ಹೊತ್ತು ಮಲಗಬೇಕಾಗುತ್ತೆ?

ದುರ್ಗದ ಅಕ್ಕ
(ಸಂಜೆ 6:30)

ಅಳತೆ ದಿನ ನನಗೆ ಅರ್ಧ ಗಂಟೆ ಹತ್ರ ಹಿಡೀತು, ಆಮೇಲೆ ದಿನಾ ಹತ್ತು ಹದಿನೈದು ನಿಮಿಷ. ಮನೆಯಿಂದ ಹೊರಡುವಾಗಲೇ ಪ್ಯಾರಾಸಿಟಮಾಲ್ ಕೊಡು. ಮುಂದೆ ಗುಂಡಿ ಇರೋ ಸಡಿಲ ಕುಪ್ಪಸ ಹಾಕಿಸು. ದಿಂಬು ಮರೀಬೇಡ, ವಾಪಸ್ ಬರುವಾಗ ಆಟೋದಲ್ಲಿ ಬೇಕಾಗುತ್ತೆ.